ರ‍್ಯಾಂಪ್ ಇತ್ತು, ಲಿಫ್ಟ್ ಇತ್ತು, ತಪಾಸಣೆ ಮಾತ್ರ ಆಗಲಿಲ್ಲ: ಒಂದು ಹೊರರೋಗಿ ಕ್ಲಿನಿಕ್‌ನ ಪ್ರಕರಣ ಅಧ್ಯಯನ

ಎರಡು ಅಂತಸ್ತಿನ ಹೊರರೋಗಿ ಕ್ಲಿನಿಕ್. ಮುಂಬಾಗಿಲಿಗೆ ರ‍್ಯಾಂಪ್ ಇದೆ, ಒಳಗೆ ಲಿಫ್ಟ್ ಇದೆ, ಒಂದು ಶೌಚಾಲಯದ ಬಾಗಿಲಿಗೆ ಗಾಲಿಕುರ್ಚಿಯ ಚಿಹ್ನೆ ಅಂಟಿಸಿದ್ದಾರೆ. ಪಟ್ಟಿ ಹಿಡಿದು ಪರಿಶೀಲನೆಗೆ ಬಂದವರು ಮೂರಕ್ಕೂ ‘ಇದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಆದರೂ ಗಾಲಿಕುರ್ಚಿಯಲ್ಲಿ ಒಬ್ಬರೇ ಬರುವ ರೋಗಿಗೆ ಇಲ್ಲಿ ತೂಕ ನೋಡಿಸಿಕೊಳ್ಳಲು ಆಗದು, ಮೂತ್ರದ ಮಾದರಿ ಕೊಡಲು ಆಗದು, ತಪಾಸಣೆಯ ಮಂಚ ಹತ್ತಲು ಆಗದು. ಸೌಲಭ್ಯಗಳನ್ನು ಎಣಿಸಿದರೆ ಕಟ್ಟಡ ಪಾಸು. ಬಂದವರ ಕೆಲಸವನ್ನು ಹಿಂಬಾಲಿಸಿದರೆ ಫೇಲು.

ಇದು ಯಾವುದೋ ಒಂದು ಕ್ಲಿನಿಕ್ ಮೇಲಿನ ದೂರಲ್ಲ. ಹಳೆಯ ಸೇವಾ ಕಟ್ಟಡಗಳಲ್ಲಿ ಪದೇ ಪದೇ ಎದುರಾಗುವ ಅಳತೆಗಳನ್ನೂ ತಪ್ಪುಗಳನ್ನೂ ಒಂದೇ ಸೂರಿನಡಿ ತಂದು ಕಟ್ಟಿದ ಮಾದರಿ ಪ್ರಕರಣ. ತಿದ್ದುಪಡಿಗಳನ್ನೂ ಅದೇ ಅಳತೆಗಳಿಗೆ ಲೆಕ್ಕ ಹಾಕಿ ಕೊಟ್ಟಿದೆ.

ಅಳೆದದ್ದು ಹೇಗೆ

ಮೂವರು ರೋಗಿಗಳ ಜಾಡು ಹಿಡಿಯಲಾಯಿತು: ಗಾಲಿಕುರ್ಚಿಯಲ್ಲಿ ಒಬ್ಬರೇ ಓಡಾಡುವವರು, ಬಿಳಿಕೋಲು ಹಿಡಿದು ಬರುವ ಅಂಧರು, ಸಂಜ್ಞಾ ಭಾಷೆಯಲ್ಲಿ ಮಾತಾಡುವ ಕಿವುಡರು. ಪ್ರತಿಯೊಬ್ಬರದೂ ಸಮಯ ಗೊತ್ತುಮಾಡುವುದರಿಂದ ಶುರುವಾಗಿ ವರದಿ ಓದುವಲ್ಲಿಗೆ ಮುಗಿಯುವ ಕೆಲಸ. ಎಲ್ಲಿ ಬೇರೆಯವರ ಕೈ ಬೇಕಾಯಿತೋ ಅಲ್ಲಿ ಒಂದು ಗುರುತು. ಎಲ್ಲಿ ಕೆಲಸವೇ ನಿಂತಿತೋ ಅಲ್ಲಿ ಎರಡು.

ಸಲಕರಣೆ ಹೆಚ್ಚೇನಿಲ್ಲ. 5 ಮೀಟರ್ ಟೇಪು, 600 ಮಿ.ಮೀ. ಉದ್ದದ ರಸಮಟ್ಟ, ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ, ಗಾಲಿಕುರ್ಚಿ ತಿರುಗಲು ಬೇಕಾದ 1500 ಮಿ.ಮೀ. ವ್ಯಾಸಕ್ಕೆ ಕತ್ತರಿಸಿದ ರಟ್ಟಿನ ವೃತ್ತ. ಇಳಿಜಾರು ಅಳೆಯಲು ರಸಮಟ್ಟವೇ ಸಾಕು. ಅದರ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ತಾಗಿಸಿ, ಗುಳ್ಳೆ ನಡುವೆ ನಿಲ್ಲುವವರೆಗೆ ಇನ್ನೊಂದು ತುದಿಯನ್ನು ಎತ್ತಿ ಹಿಡಿದು, ಎತ್ತಿದ ತುದಿಯ ಕೆಳಗಿನ ಸಂದನ್ನು ಅಳೆಯಬೇಕು. ಸಂದು 30 ಮಿ.ಮೀ. ಆದರೆ ಇಳಿಜಾರು 1:20 (20 ಅಳತೆ ಸಾಗಿದರೆ 1 ಅಳತೆ ಏರಿಕೆ), 50 ಆದರೆ 1:12, 100 ಆದರೆ 1:6. ಹೀಗೆ ಪ್ರತಿ 600 ಮಿ.ಮೀ.ಗೆ ಒಮ್ಮೆ ಅಳೆಯಬೇಕು. ಒಟ್ಟು ಎತ್ತರವನ್ನು ಒಟ್ಟು ಉದ್ದಕ್ಕೆ ಹೋಲಿಸಿ ಸುಮ್ಮನಾದರೆ ಬರುವುದು ಸರಾಸರಿ ಮಾತ್ರ. ಗಾಲಿ ನಿಲ್ಲುವುದು ಸರಾಸರಿಯಲ್ಲಿ ಅಲ್ಲ, ಅತಿ ಕಡಿದಾದ ತುಂಡಿನಲ್ಲಿ.

ಗೇಟಿನಿಂದ ಬಾಗಿಲಿನವರೆಗೆ

ನೆಲಮಟ್ಟಕ್ಕಿಂತ ಕಟ್ಟಡದ ಒಳನೆಲ 450 ಮಿ.ಮೀ. ಮೇಲಿದೆ, 150 ಮಿ.ಮೀ.ನ ಮೂರು ಮೆಟ್ಟಿಲು. ಪಕ್ಕದಲ್ಲಿ ಇದ್ದ ರ‍್ಯಾಂಪಿನ ಉದ್ದ 2700 ಮಿ.ಮೀ., ಅಂದರೆ 1:6. ಕೆಳತುದಿಯಲ್ಲಿ ಯಾವಾಗಲೋ ಗಾರೆ ತೇಪೆ ಹಾಕಿದ್ದ ಕಡೆ ರಸಮಟ್ಟದ ಸಂದು 120 ಮಿ.ಮೀ., ಅದು 1:5. ಇಂಥ ರ‍್ಯಾಂಪ್ ಹುಟ್ಟುವ ಬಗೆ ಒಂದೇ: ಮೆಟ್ಟಿಲು ಮುಗಿಯುವ ಗೆರೆ ನೋಡಿ, ಅಲ್ಲಿಂದ ಇನ್ನಷ್ಟು ದೂರ ಬಿಟ್ಟು, ಉಳಿದ ಜಾಗವನ್ನು ವಾಹನಗಳಿಗೆ ಇಟ್ಟುಕೊಂಡು, ಇರುವಷ್ಟರಲ್ಲಿ ಗಾರೆ ಸುರಿಯುವುದು. ಉದ್ದವನ್ನು ಎತ್ತರ ನಿರ್ಧರಿಸಬೇಕಿತ್ತು, ನಿರ್ಧರಿಸಿದ್ದು ವಾಹನ ನಿಲುಗಡೆ.

1:6 ಎಂದರೆ ತೋಳಿಗೆ ಏನು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ವ್ಯಕ್ತಿ ಮತ್ತು ಕುರ್ಚಿ ಸೇರಿ 100 ಕೆ.ಜಿ. ಇದ್ದರೆ, 1:12 ಇಳಿಜಾರಿನಲ್ಲಿ ಹಿಂದಕ್ಕೆ ಜಾರದೆ ನಿಲ್ಲಲು ಮಾತ್ರವೇ ಸುಮಾರು 8.3 ಕೆ.ಜಿ. ತೂಕದಷ್ಟು ಬಲ ಬೇಕು. 1:8ರಲ್ಲಿ 12.4, 1:6ರಲ್ಲಿ 16.4. ಮುಂದೆ ಸಾಗಲು ಇದರ ಮೇಲೆ ಮತ್ತಷ್ಟು. ಒಂದೊಂದು ತಳ್ಳಿಗೂ ನಡುವೆ ಕೈ ಚಕ್ರ ಬಿಟ್ಟು ಮತ್ತೆ ಹಿಡಿಯುವ ಕ್ಷಣದಲ್ಲಿ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಭಾರವೆಲ್ಲ ಹಿಂಬದಿ ಅಚ್ಚಿನ ಹತ್ತಿರ ಇರುವುದರಿಂದ ಜೋರಾಗಿ ತಳ್ಳಿದರೆ ಮುಂಗಾಲಿಗಳು ಎದ್ದು ಕುರ್ಚಿ ಮಗುಚುವ ಅಪಾಯವೂ ಇದೆ. ಇಳಿಯುವಾಗ ಬ್ರೇಕ್ ಎಂದರೆ ಅಂಗೈ. ಚಕ್ರದ ಬಳೆ ಉಜ್ಜಿ ಚರ್ಮ ಸುಡುತ್ತದೆ. ‘ಯಾರಾದರೂ ತಳ್ಳುತ್ತಾರೆ ಬಿಡಿ’ ಎಂಬ ಮಾತಿಗೆ ಉತ್ತರವೂ ಇದೇ ಲೆಕ್ಕದಲ್ಲಿದೆ: ತಳ್ಳುವ ವಯಸ್ಸಾದ ಗಂಡನಿಗೋ ಹೆಂಡತಿಗೋ ಅದೇ 16 ಕೆ.ಜಿ.

ತಿದ್ದುವ ದಾರಿ ಎರಡಿದ್ದವು. ಮೊದಲನೆಯದು, ಕಟ್ಟಡದ ಬದಿಗೆ ಮಡಚಿದ ರ‍್ಯಾಂಪ್. 1:12ಕ್ಕೆ 450 ಮಿ.ಮೀ. ಏರಲು 5400 ಮಿ.ಮೀ. ಬೇಕು, 2700ರ ಎರಡು ತುಂಡು, ನಡುವೆ ತಿರುಗಲು 1500 ಮಿ.ಮೀ. ಸಮತಟ್ಟು, ಮೇಲೆ ಕೆಳಗೆ ಮತ್ತೆ ತಲಾ 1500. ನಿಯಮಕ್ಕೆ ಸರಿ. ಆದರೆ 1:12 ಎಂಬುದು ಮೇಲ್ಮಿತಿ, ಗುರಿಯಲ್ಲ. ತೋಳಿನ ಬಲ ಕಡಿಮೆ ಇರುವವರಿಗೆ ಅದೂ ಕಷ್ಟ. ಜೊತೆಗೆ ಅಂಗವಿಕಲರು ಬದಿಯಿಂದ, ಉಳಿದವರು ಎದುರಿನಿಂದ ಎಂಬ ಎರಡು ದಾರಿ ಉಳಿಯುತ್ತದೆ. ಬದಿಯ ದಾರಿಗೆ ಬೀಗ ಬೀಳುವುದು, ಗೂಡ್ಸ್ ಇಳಿಸುವುದು, ಬೈಕು ನಿಲ್ಲಿಸುವುದು ಎಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಎರಡನೆಯದು, ಅಂಗಳವನ್ನೇ ಓರೆಯಾಗಿ ಏರಿಸುವುದು. ಗೇಟಿನಿಂದ ಬಾಗಿಲಿಗೆ 12.5 ಮೀಟರ್ ಇತ್ತು. 1:20ಕ್ಕೆ 9 ಮೀಟರ್ ಬೇಕು. ಮೇಲೆ ಕೆಳಗೆ 1500 ಮಿ.ಮೀ. ಸಮತಟ್ಟು ಸೇರಿಸಿದರೆ 12 ಮೀಟರ್. ಹಿಡಿಯಿತು. ಇದನ್ನೇ ಆರಿಸಲಾಯಿತು. 1800 ಮಿ.ಮೀ. ಅಗಲ ಕೊಟ್ಟರೆ ಎರಡು ಗಾಲಿಕುರ್ಚಿಗಳು ಎದುರುಬದುರು ದಾಟಬಹುದು. ಸ್ಟ್ರೆಚರ್, ಮಗುವಿನ ತಳ್ಳುಗಾಡಿ, ಮಂಡಿನೋವಿನವರು, ಎಲ್ಲರಿಗೂ ಇದೇ ಮುಖ್ಯ ದಾರಿ. ನೋಡಿದರೆ ರ‍್ಯಾಂಪ್ ಎಂದೇ ಅನಿಸುವುದಿಲ್ಲ.

ಅಂಗಳ ಏರಿಸುವಾಗ ಕೆಡುವ ಕಡೆಗಳನ್ನು ಮೊದಲೇ ತಿಳಿದಿರಬೇಕು. ಮಣ್ಣು ತುಂಬಿ ನೇರ ಗೋಡೆಗೆ ತಾಗಿಸಿದರೆ ತೇವ ತಡೆಯುವ ಪದರದ ಮಟ್ಟ ದಾಟಿ ಗೋಡೆ ಒದ್ದೆಯಾಗುತ್ತದೆ, ಒಳಗಿನ ಬಣ್ಣ ಉದುರುತ್ತದೆ. ಆದ್ದರಿಂದ ಬಾಗಿಲ ಮುಂದಿನ ಸಮತಟ್ಟನ್ನು ಗೋಡೆಯಿಂದ ಬಿಡಿಸಿದ ಪ್ರತ್ಯೇಕ ಕಾಂಕ್ರೀಟ್ ಹಲಗೆಯಾಗಿ ಹಾಕಿ, ನಡುವಿನ ಸಂದಿನಲ್ಲಿ ನೀರು ಹರಿಯುವ ಕಾಲುವೆ ಮಾಡಿ, ಮೇಲೆ ಜಾಲರಿ ಮುಚ್ಚಲಾಯಿತು. ಜಾಲರಿಯ ಸೀಳು 13 ಮಿ.ಮೀ.ಗಿಂತ ಅಗಲ ಇರಬಾರದು, ನಡೆಯುವ ದಿಕ್ಕಿಗೆ ಅಡ್ಡಡ್ಡ ಇರಬೇಕು. ಉದ್ದುದ್ದ ಇಟ್ಟರೆ ಮುಂಗಾಲಿಯೂ ಬಿಳಿಕೋಲಿನ ತುದಿಯೂ ಸಿಕ್ಕಿಕೊಳ್ಳುತ್ತವೆ. ಸಮತಟ್ಟು ಎಂದರೂ ಬಾಗಿಲಿನಿಂದ ಹೊರಕ್ಕೆ 1:50 ಓರೆ ಬೇಕು, ಇಲ್ಲವಾದರೆ ಮಳೆನೀರು ಒಳಗೆ. ದಾರಿಯ ಅಡ್ಡ ಓರೆಯೂ 1:50 ಮೀರಬಾರದು; ಮೀರಿದರೆ ಕುರ್ಚಿ ಒಂದೇ ಬದಿಗೆ ಎಳೆಯುತ್ತದೆ, ಇಡೀ ದಾರಿ ಒಂದು ಕೈಯಿಂದ ತಡೆದುಕೊಂಡೇ ಸಾಗಬೇಕಾಗುತ್ತದೆ.

ಮೇಲ್ಮೈಗೆ ನಯಗೊಳಿಸಿದ ಕಲ್ಲು ಬೇಡ. ಹಾಗೆಂದು ಆಳವಾದ ಗೀರು ಕೊರೆಯುವುದೂ ತಪ್ಪು: ಬೆನ್ನುಹುರಿಯ ಪೆಟ್ಟಾದವರಿಗೆ ಆ ಕುಲುಕಾಟದಿಂದಲೇ ಕಾಲಿನ ಸ್ನಾಯು ಸೆಟೆಯಬಹುದು. ಹಸಿ ಕಾಂಕ್ರೀಟಿನ ಮೇಲೆ ಪೊರಕೆಯಿಂದ ಅಡ್ಡ ಎಳೆದ ಗೆರೆ ಸಾಕು. ಎರಡೂ ಬದಿ 100 ಮಿ.ಮೀ. ಅಂಚುಕಟ್ಟೆ, 900 ಮತ್ತು 700 ಮಿ.ಮೀ. ಎತ್ತರದಲ್ಲಿ ಎರಡು ಸಾಲಿನ ಹಿಡಿಕಂಬಿ. ಕಂಬಿಯ ವ್ಯಾಸ 40 ಮಿ.ಮೀ.; ಇಳಿಜಾರು ಮುಗಿದ ಮೇಲೂ 300 ಮಿ.ಮೀ. ಮುಂದುವರಿದು ಕೆಳಕ್ಕೆ ಬಾಗಿರಬೇಕು. 1:20 ಇಳಿಜಾರಿಗೆ ಹಿಡಿಕಂಬಿ ಕಡ್ಡಾಯವಲ್ಲ ಎನ್ನುವ ಮಾನದಂಡಗಳಿವೆ. ಆದರೆ ಇದು ಕ್ಲಿನಿಕ್. ಇಲ್ಲಿಗೆ ಬರುವವರಲ್ಲಿ ತಲೆಸುತ್ತು ಇರುವವರೂ ಇರುತ್ತಾರೆ. ಬಯಲಲ್ಲಿರುವ ಉಕ್ಕಿನ ಕಂಬಿ ಬಿಸಿಲಿಗೆ ಕಾದರೆ ಹಿಡಿಯಲಾಗದು, ನೈಲಾನ್ ಹೊದಿಕೆ ಇದ್ದರೆ ಒಳ್ಳೆಯದು.

ಮೆಟ್ಟಿಲನ್ನು ಒಡೆಯಲಿಲ್ಲ. ಕೃತಕ ಕಾಲು ಹಾಕಿಕೊಂಡವರು, ಊರುಗೋಲಿನವರು ಹಲವರಿಗೆ ಉದ್ದನೆಯ ಓರೆಗಿಂತ ಹಿಡಿಕಂಬಿ ಇರುವ ಮೂರು ಮೆಟ್ಟಿಲು ಸಲೀಸು. ಪ್ರತಿ ಮೆಟ್ಟಿಲ ಅಂಚಿಗೆ 50 ಮಿ.ಮೀ. ಅಗಲದ ಎದ್ದುಕಾಣುವ ಬಣ್ಣದ ಪಟ್ಟಿ ಹಾಕಲಾಯಿತು. ದೃಷ್ಟಿ ಮಂದ ಇರುವವರು ಇಳಿಯುವಾಗ ಒಂದೇ ಬಣ್ಣದ ಮೂರು ಮೆಟ್ಟಿಲು ಒಂದೇ ಹಾಸಿನಂತೆ ಕಾಣುತ್ತವೆ.

ಬಾಗಿಲು

ಚೌಕಟ್ಟಿನ ಅಗಲ 1200 ಮಿ.ಮೀ. ಇದ್ದರೂ ಕದ ಎರಡು, ತಲಾ 600. ಒಂದಕ್ಕೆ ಸದಾ ಮೇಲೂ ಕೆಳಗೂ ಚಿಲಕ. ತೆರೆದ ಇನ್ನೊಂದು ಕದದಲ್ಲಿ ದಪ್ಪ ಮತ್ತು ಚೌಕಟ್ಟಿನ ತಡೆ ಕಳೆದರೆ ದಾಟಲು ಸಿಗುತ್ತಿದ್ದದ್ದು 550. ಸಾಮಾನ್ಯ ಗಾಲಿಕುರ್ಚಿಯ ಅಗಲವೇ 600ರಿಂದ 700. ಬಾಗಿಲಿನ ಅಗಲವನ್ನು ಯಾವಾಗಲೂ ಕದವನ್ನು 90 ಡಿಗ್ರಿ ತೆರೆದಿಟ್ಟು, ಕದದ ಮೈಯಿಂದ ಎದುರಿನ ಚೌಕಟ್ಟಿನ ತಡೆಯವರೆಗೆ ಅಳೆಯಬೇಕು. ನಕ್ಷೆಯಲ್ಲಿ ಬರೆದಿರುವುದು ಗೋಡೆಯ ಕಿಂಡಿಯ ಅಳತೆ.

ಗೋಡೆ ಒಡೆಯದೆ ಪರಿಹಾರ ಸಿಕ್ಕಿತು: ಅದೇ ಚೌಕಟ್ಟಿಗೆ 950 ಮತ್ತು 250ರ ಅಸಮ ಕದಗಳು. ದಿನನಿತ್ಯ ದೊಡ್ಡ ಕದ ಮಾತ್ರ, 900ರಷ್ಟು ದಾರಿ. ಸ್ಟ್ರೆಚರ್ ಬಂದಾಗ ಚಿಕ್ಕದನ್ನೂ ತೆರೆದರಾಯಿತು. ಗುಂಡುಹಿಡಿ ತೆಗೆದು ಮುಷ್ಟಿಯಿಂದಲೂ ಒತ್ತಬಲ್ಲ ಅಡ್ಡಹಿಡಿ. ಹೊಸ್ತಿಲಿನ 25 ಮಿ.ಮೀ. ಕಲ್ಲು ತೆಗೆಯಲಾಯಿತು. ಹೊಸ್ತಿಲು ಇರಲೇಬೇಕಾದರೆ 13 ಮಿ.ಮೀ. ಮೀರಬಾರದು, 6ಕ್ಕಿಂತ ಮೇಲಿನ ಭಾಗ ಓರೆಯಾಗಿರಬೇಕು. ಮೂರ್ನಾಲ್ಕು ಮಿ.ಮೀ. ವ್ಯತ್ಯಾಸಕ್ಕೆ ಏನು ಎನ್ನುವವರು ಕುರ್ಚಿಯ ಮುಂಗಾಲಿಯನ್ನು ಒಮ್ಮೆ ನೋಡಬೇಕು, ಅದರ ವ್ಯಾಸ ಅಂಗೈ ಅಗಲ ಅಷ್ಟೇ.

ಬಾಗಿಲನ್ನು ತಾನೇ ಮುಚ್ಚಿಸುವ ಕ್ಲೋಸರ್‌ನ ಬಲ ಯಾರೂ ಅಳೆಯದ ಸಂಗತಿ. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಿಡಿಗೆ ಸಿಕ್ಕಿಸಿ ನಿಧಾನವಾಗಿ ಎಳೆದಾಗ ಒಳಬಾಗಿಲುಗಳಲ್ಲಿ 4.5 ಕೆ.ಜಿ. ತೋರಿಸಿತು, ಸುಮಾರು 44 ನ್ಯೂಟನ್. ಅಮೆರಿಕದ ಮಾನದಂಡ ಒಳಬಾಗಿಲಿಗೆ ಕೊಡುವ ಮಿತಿ ಸುಮಾರು 22 ನ್ಯೂಟನ್, ಅಂದರೆ 2.2 ಕೆ.ಜಿ.ಯಷ್ಟು. ಸ್ಪ್ರಿಂಗ್ ಸಡಿಲಿಸುವ ತಿರುಪು, ಮುಚ್ಚುವ ವೇಗದ ತಿರುಪು, ಕೊನೆಯಲ್ಲಿ ಅಗುಳಿ ಕೂರಿಸುವ ವೇಗದ ತಿರುಪು ಬೇರೆಬೇರೆ ಇರುತ್ತವೆ. ಮೊದಲನೆಯದನ್ನು ಇಳಿಸಿದ ಮೇಲೆ ಕದ ಪೂರ್ತಿ ಕೂರದಿದ್ದರೆ ಮೂರನೆಯದನ್ನು ಸ್ವಲ್ಪ ಹೆಚ್ಚಿಸಬೇಕು. ಪೂರ್ತಿ ತೆರೆದ ಕದ ಹೆಚ್ಚುಕಡಿಮೆ ಮುಚ್ಚಲು ಕನಿಷ್ಠ 5 ಸೆಕೆಂಡ್ ತೆಗೆದುಕೊಂಡರೆ ಊರುಗೋಲಿನವರ ಹಿಮ್ಮಡಿಗೆ ಬಡಿಯುವುದಿಲ್ಲ. ಬೆಂಕಿ ತಡೆಯುವ ಬಾಗಿಲುಗಳಿಗೆ ಮಾತ್ರ ಈ ಸಡಿಲಿಕೆ ಮಾಡುವಂತಿಲ್ಲ. ಅವು ಗಟ್ಟಿಯಾಗಿ ಮುಚ್ಚಲೇಬೇಕು. ಅಂಥವನ್ನು ಎಚ್ಚರಿಕೆ ಗಂಟೆ ಬಾರಿಸಿದಾಗ ತಾವಾಗಿ ಬಿಟ್ಟುಕೊಳ್ಳುವ ಅಯಸ್ಕಾಂತದಿಂದ ತೆರೆದಿಡಬಹುದು.

ಹಿಡಿ ಇರುವ ಬದಿಯಲ್ಲಿ, ಕದವನ್ನು ತನ್ನ ಕಡೆಗೆ ಎಳೆಯಬೇಕಾದ ಮಗ್ಗುಲಲ್ಲಿ, 450 ಮಿ.ಮೀ. ಗೋಡೆ ಖಾಲಿ ಇರಬೇಕು. ಇಲ್ಲಿ ಆ ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಇತ್ತು. ಎದುರೇ ನಿಂತು ಬಾಗಿಲು ಎಳೆದರೆ ಕದ ಕಾಲಿಗೇ ಬಡಿಯುತ್ತದೆ. ಪಕ್ಕಕ್ಕೆ ಸರಿಯಲು ಜಾಗ ಇದ್ದರೆ ಮಾತ್ರ ಕುರ್ಚಿಯಲ್ಲಿರುವವರು ಬಾಗಿಲು ತೆರೆಯಬಲ್ಲರು. ಸ್ಟ್ಯಾಂಡ್ ಸರಿಸಲು ಐದು ನಿಮಿಷ ಹಿಡಿಯಿತು.

ಕರೆದದ್ದು ಕೇಳದವರು, ಬರೆದದ್ದು ಕಾಣದವರು

ನೋಂದಣಿಯ ಕಟ್ಟೆ 1100 ಮಿ.ಮೀ. ಎತ್ತರ. ಅದರ 900 ಮಿ.ಮೀ. ಅಗಲದ ಭಾಗವನ್ನು 780ಕ್ಕೆ ಇಳಿಸಿ, ಕೆಳಗೆ ಮಂಡಿ ಹೋಗಲು 700 ಎತ್ತರ, 500 ಆಳ ಬಿಡಲಾಯಿತು. ಇಳಿಸಿದ ಭಾಗದ ಮೇಲೆ ಪ್ರಿಂಟರ್ ಬಂದು ಕೂರುವುದು ಎಲ್ಲೆಡೆ ಕಾಣುವ ರೋಗ. ಅಲ್ಲಿ ಸಿಬ್ಬಂದಿಯ ಕುರ್ಚಿಯನ್ನೇ ಹಾಕಿ, ಎಲ್ಲ ರೋಗಿಗಳಿಗೂ ಅದೇ ಕಿಂಡಿ ಎಂದು ಮಾಡಿದರೆ ಜಾಗ ತಾನಾಗಿ ಖಾಲಿ ಇರುತ್ತದೆ.

ಸರದಿ ಬಂದಾಗ ಸಿಬ್ಬಂದಿ ಹೆಸರು ಕೂಗುತ್ತಿದ್ದರು, ಎರಡು ಸಲ ಕೂಗಿ ಬರದಿದ್ದರೆ ಮುಂದಿನವರು. ಕಿವುಡ ರೋಗಿ ಅಲ್ಲೇ ಎದುರಿಗೆ ಕೂತಿದ್ದರೂ ಸರದಿ ಹೋಯಿತು. ಇದನ್ನು ಸರಿಪಡಿಸುತ್ತೇವೆಂದು ಕೆಂಪು ಅಂಕಿಯ ಫಲಕ ಮಾತ್ರ ತೂಗುಹಾಕಿ ಕೂಗುವುದನ್ನು ನಿಲ್ಲಿಸಿದರೆ ಅಂಧರ ಸರದಿ ಹೋಗುತ್ತದೆ. ಒಂದೇ ಸುದ್ದಿ ಎರಡು ಇಂದ್ರಿಯಗಳಿಗೆ ತಲುಪಬೇಕು: ಫಲಕದಲ್ಲಿ ಸಂಖ್ಯೆ ಮತ್ತು ಕೊಠಡಿ, ಅದೇ ಕ್ಷಣಕ್ಕೆ ಧ್ವನಿಯಲ್ಲೂ ಸಂಖ್ಯೆ ಮತ್ತು ಕೊಠಡಿ, ಬೇಕೆಂದವರಿಗೆ ಫೋನಿಗೆ ಸಂದೇಶ. ಹೆಸರು ಬೇಡ, ಖಾಸಗಿತನವೂ ಉಳಿಯುತ್ತದೆ.

ಗಾಜಿನ ಹಿಂದೆ ಕೂತ ಸಿಬ್ಬಂದಿಯ ಬೆನ್ನಿಗೆ ಕಿಟಕಿ ಇತ್ತು. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ತುಟಿಚಲನೆ ಓದಲಾಗದು. ಮೇಜನ್ನು ತಿರುಗಿಸಿ ಮುಖಕ್ಕೆ ಬೆಳಕು ಬರುವಂತೆ ಮಾಡಲಾಯಿತು. ಕಿಂಡಿಗೆ ಶ್ರವಣ ಸುರುಳಿ ಅಳವಡಿಸಲಾಯಿತು. ಟೆಲಿಕಾಯಿಲ್ (ಸುರುಳಿಯ ಸಂಕೇತ ಹಿಡಿಯುವ ಪುಟ್ಟ ತಂತಿಸುತ್ತು) ಇರುವ ಶ್ರವಣಯಂತ್ರಕ್ಕೆ ಅದು ಗದ್ದಲವನ್ನು ಬಿಟ್ಟು ಸಿಬ್ಬಂದಿಯ ಮಾತನ್ನು ಮಾತ್ರ ನೇರ ತಲುಪಿಸುತ್ತದೆ. ಎಲ್ಲ ಯಂತ್ರಗಳಲ್ಲೂ ಟೆಲಿಕಾಯಿಲ್ ಇರುವುದಿಲ್ಲ. ಸಂಜ್ಞಾ ಭಾಷೆ ಬಳಸುವವರಿಗೆ ಇದರಿಂದ ಉಪಯೋಗವೂ ಇಲ್ಲ, ಅವರಿಗೆ ಬೇಕಾದದ್ದು ದುಭಾಷಿ. ಸಮಯ ಗೊತ್ತುಮಾಡುವಾಗಲೇ ಕೇಳಿ ದುಭಾಷಿಯನ್ನು ನಿಗದಿಪಡಿಸಬೇಕು, ಭೇಟಿಗೆ ಹೆಚ್ಚು ಸಮಯ ಇಡಬೇಕು. ದುಭಾಷಿ ವೈದ್ಯರ ಪಕ್ಕದಲ್ಲಿ, ರೋಗಿಗೆ ಎದುರಾಗಿ ಕೂರಬೇಕು. ವೈದ್ಯರು ಮಾತಾಡಬೇಕಾದದ್ದು ರೋಗಿಯ ಮುಖ ನೋಡಿ. ಮನೆಯ ಮಗುವನ್ನೋ ಪಕ್ಕದವರನ್ನೋ ದುಭಾಷಿ ಮಾಡಿದರೆ ರೋಗಿ ಹೇಳಬೇಕಾದದ್ದನ್ನು ಹೇಳುವುದಿಲ್ಲ, ಔಷಧಿಯ ಪ್ರಮಾಣ ತಪ್ಪಿ ಹೋಗುತ್ತದೆ.

ನೆಲದಲ್ಲಿ ಸ್ಪರ್ಶಪಟ್ಟಿ ಮೊದಲೇ ಇತ್ತು. ಜಪಾನಿನ ಸೆಯ್ಇಚಿ ಮಿಯಾಕೆ ರೂಪಿಸಿದ, 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಸಿದ ಈ ಬಿಲ್ಲೆಗಳಿಗೆ ಎರಡೇ ಮಾತು: ಉದ್ದ ಗೆರೆ ಎಂದರೆ ಮುಂದೆ ನಡೆ, ಚುಕ್ಕಿ ಎಂದರೆ ನಿಲ್ಲು, ಗಮನಿಸು. ಈ ಕಟ್ಟಡದಲ್ಲಿ ಉದ್ದ ಗೆರೆ ನೇರವಾಗಿ ಒಂದು ಕಂಬಕ್ಕೆ ಹೋಗಿ ಮುಗಿಯುತ್ತಿತ್ತು. ಪಟ್ಟಿ ಹಾಸಿದ ಮೇಲೆ ನೋಂದಣಿ ಕಟ್ಟೆಯನ್ನು ಸ್ಥಳಾಂತರಿಸಿದ್ದರು, ಪಟ್ಟಿಯನ್ನು ಮುಟ್ಟಿರಲಿಲ್ಲ. ತಪ್ಪು ದಾರಿ ತೋರುವ ಪಟ್ಟಿಗಿಂತ ಪಟ್ಟಿ ಇಲ್ಲದಿರುವುದೇ ಮೇಲು. ಕಿತ್ತು ಹೊಸ ಕಟ್ಟೆಯವರೆಗೆ ಹಾಸಿ, ಇಕ್ಕೆಲದಲ್ಲೂ 600 ಮಿ.ಮೀ. ಖಾಲಿ ಬಿಡಲಾಯಿತು.

ಶೌಚಾಲಯ

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ತಪ್ಪು ಸಿಕ್ಕಿದ್ದು ಇಲ್ಲೇ. ಬಾಗಿಲ ಮೇಲಿನ ಗಾಲಿಕುರ್ಚಿ ಚಿಹ್ನೆ 1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿ ಸೂಸಾನೆ ಕೋಫೋಡ್ ಬರೆದದ್ದು. ಆಮೇಲೆ ಅದಕ್ಕೆ ತಲೆಯ ವೃತ್ತ ಸೇರಿಸಿದರು, ಕುರ್ಚಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂದು ಕಾಣಲಿ ಎಂದು. ಚಿಹ್ನೆ ನಂಬಿ ಬಂದವರಿಗೆ ಬಾಗಿಲ ಹಿಂದೆ ಸಿಕ್ಕಿದ್ದು 1400×1700 ಮಿ.ಮೀ. ಕೋಣೆ, ಒಳಕ್ಕೆ ತೆರೆಯುವ 700ರ ಕದ, ಎರಡು ಬಕೆಟ್, ಒಂದು ಏಣಿ.

ಒಳಕ್ಕೆ ತೆರೆಯುವ ಕದ ಯಾಕೆ ಕೂಡದೆಂದರೆ, ಕುರ್ಚಿ ಒಳಗೆ ಹೋದ ಮೇಲೆ ಕದ ಮುಚ್ಚಲು ಜಾಗ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಕದಕ್ಕೆ ಅಡ್ಡವಾಗಿ ಹೊರಗಿನವರು ತೆರೆಯಲಾರರು. ಹೊರಕ್ಕೆ ತೆರೆಯುವ, 900 ದಾರಿ ಕೊಡುವ ಕದ. ಒಳಮೈಗೆ ಎಳೆದುಕೊಳ್ಳಲು ಅಡ್ಡಕಂಬಿ. ಹೊರಗಿನಿಂದಲೂ ನಾಣ್ಯ ಹಾಕಿ ತೆರೆಯಬಲ್ಲ ಅಗುಳಿ.

ಪಕ್ಕದ ಪೊರಕೆ ಕೋಣೆಯ ಗೋಡೆ ತೆಗೆದು ಒಟ್ಟು 2000×2300 ಮಾಡಲಾಯಿತು. ಕಮೋಡ್ ಹಿಂದಿನ 2000ರ ಗೋಡೆಗೆ. ಅದರ ನಡುಗೆರೆ ಒಂದು ಬದಿಗೋಡೆಯಿಂದ 450 ಮಿ.ಮೀ., ಇನ್ನೊಂದು ಬದಿಯಲ್ಲಿ ಕುರ್ಚಿ ತಂದು ನಿಲ್ಲಿಸಲು ಕನಿಷ್ಠ 900 ಖಾಲಿ. ಹಳೆಯ ಕೋಣೆಯಲ್ಲಿ ಕಮೋಡನ್ನು ಅಂದಕ್ಕಾಗಿ ನಟ್ಟನಡುವೆ ಇಟ್ಟಿದ್ದರು. ಹಾಗಾದರೆ ಯಾವ ಗೋಡೆಯ ಕಂಬಿಯೂ ಎಟಕುವುದಿಲ್ಲ, ಯಾವ ಬದಿಗೂ ಕುರ್ಚಿ ಹಿಡಿಯುವುದಿಲ್ಲ. ಇನ್ನೊಂದು ಸೂಕ್ಷ್ಮ: ಕಮೋಡಿನ ಮುಂದಂಚು ಹಿಂದಿನ ಗೋಡೆಯಿಂದ 750 ಮಿ.ಮೀ. ಮುಂದೆ ಇರಬೇಕು. ಗಿಡ್ಡ ಕಮೋಡ್ ಹಾಕಿದರೆ ಕುರ್ಚಿಯ ದೊಡ್ಡ ಚಕ್ರ ಗೋಡೆಗೆ ಮೊದಲೇ ತಾಗಿ, ಎರಡು ಆಸನಗಳು ಒಂದೇ ಸಾಲಿಗೆ ಬರುವುದಿಲ್ಲ; ಪಕ್ಕಕ್ಕೆ ಜರುಗುವ ಬದಲು ಓರೆಯಾಗಿ ಹಾರಬೇಕಾಗುತ್ತದೆ. 2300ರಲ್ಲಿ 750 ಕಳೆದರೆ 1550 ಉಳಿಯಿತು, ರಟ್ಟಿನ ವೃತ್ತ ನೆಲದ ಮೇಲೆ ಕೂತಿತು. ಆಸನದ ಎತ್ತರ 480, ಹೆಚ್ಚುಕಡಿಮೆ ಕುರ್ಚಿಯ ಆಸನದಷ್ಟೇ.

ಹಿಡಿಕಂಬಿ ಹಳೆಯದರಲ್ಲೂ ಇತ್ತು, ಅಲುಗಾಡುತ್ತಿತ್ತು. ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ಗು, ಸಣ್ಣ ತಿರುಪು. ಟವೆಲ್ ಕಂಬಿಗೆ ಅದು ಸಾಕು. ಇಲ್ಲಿ ಇಡೀ ಮೈಭಾರ ಒಂದು ಕೈಯ ಮೇಲೆ ಬೀಳುತ್ತದೆ, ಅದೂ ಎಳೆತವಾಗಿ. ಅಮೆರಿಕದ ಮಾನದಂಡದ ಪ್ರಕಾರ ಕಂಬಿ ಯಾವ ಬಿಂದುವಿನಲ್ಲೂ ಸುಮಾರು 1.1 ಕಿಲೋನ್ಯೂಟನ್, ಅಂದರೆ 112 ಕೆ.ಜಿ. ತೂಕದಷ್ಟು ತಡೆಯಬೇಕು. ಗೋಡೆ ಟೊಳ್ಳಾದ್ದರಿಂದ ಆರಪಾರ ಬೋಲ್ಟ್ ಹಾಕಿ, ಆಚೆ ಮೈಗೆ ಉಕ್ಕಿನ ತಟ್ಟೆ ಕೊಟ್ಟು ಬಿಗಿಯಲಾಯಿತು. ಗಟ್ಟಿ ಗೋಡೆಯಾದರೆ ರಾಸಾಯನಿಕ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) ಸಾಕು. ಗೋಡೆಬದಿಗೆ ಆಸನಕ್ಕಿಂತ 200-300 ಮಿ.ಮೀ. ಮೇಲೆ ಅಡ್ಡಕಂಬಿ, ಅದರ ಮುಂದೆ ಎದ್ದು ನಿಲ್ಲಲು ನೆಟ್ಟಗಿನ ಕಂಬಿ, ಖಾಲಿ ಬದಿಗೆ ನಡುಗೆರೆಯಿಂದ 320 ಮಿ.ಮೀ. ದೂರದಲ್ಲಿ ಮೇಲಕ್ಕೆ ಮಡಚುವ ಕಂಬಿ.

ಕ್ಲಿನಿಕ್ ಆದ್ದರಿಂದ ಇಲ್ಲಿ ಇನ್ನೊಂದು ಬೇಕು, ಮಾದರಿ ಬಾಟಲಿ ಇಡುವ ಕಿರುಹಲಗೆ. ಒಂದು ಕೈ ಕಂಬಿ ಹಿಡಿದಿರುವಾಗ ಇನ್ನೊಂದು ಕೈಯಲ್ಲಿ ಬಾಟಲಿ, ಮುಚ್ಚಳ ಎರಡೂ ಹಿಡಿಯಲಾಗದು. ಕೂತಲ್ಲಿಂದಲೇ ಎಟಕುವಂತೆ ಅಂಚು ಎತ್ತರಿಸಿದ ಹಲಗೆ ಹಾಕಿ, ನೀರಿನ ನಲ್ಲಿ, ಕಾಗದ, ಕಸದ ಡಬ್ಬಿ ಎಲ್ಲವನ್ನೂ ಅದೇ ಎಟುಕಿಗೆ ತರಲಾಯಿತು. ಕಸದ ಡಬ್ಬಿಯನ್ನು ಖಾಲಿ 900ರೊಳಗೆ ಇಡದಂತೆ ಗೋಡೆಗೇ ಬಿಗಿಯಲಾಯಿತು.

ಎಚ್ಚರಿಕೆಯ ಹಗ್ಗ ನೆಲದಿಂದ 100 ಮಿ.ಮೀ.ವರೆಗೆ ಇಳಿದಿರಬೇಕು, ಬಿದ್ದವರಿಗೆ ಎಟಕುವುದು ಅಷ್ಟೇ ಎತ್ತರ. ನೆಲ ಒರೆಸುವಾಗ ಅಡ್ಡ ಬರುತ್ತದೆಂದು ಅದನ್ನು ಮೇಲಕ್ಕೆ ಕಟ್ಟಿಡುವುದು ವಾಡಿಕೆ. ಎಳೆದರೆ ಗಂಟೆ ಎಲ್ಲಿ ಬಾರಿಸುತ್ತದೆ, ಕೇಳಿದವರು ಏನು ಮಾಡಬೇಕು ಎಂಬುದು ಸಿಬ್ಬಂದಿಗೆ ಗೊತ್ತಿರಲಿಲ್ಲ. ಹಗ್ಗ ಎಳೆದು ನೋಡಿದಾಗ ತಂತಿ ಎಲ್ಲಿಗೂ ಜೋಡಿಸಿಯೇ ಇರಲಿಲ್ಲ.

ಮಂಚ ಮತ್ತು ತಕ್ಕಡಿ

ತಪಾಸಣೆಯ ಮಂಚದ ಎತ್ತರ 800 ಮಿ.ಮೀ., ಕುರ್ಚಿಯ ಆಸನ 480. ಈ 320 ಮಿ.ಮೀ. ಅಂತರದಿಂದ ಆಗುತ್ತಿದ್ದದ್ದು: ಇಬ್ಬರು ಸಿಬ್ಬಂದಿ ಕಂಕುಳಿಗೆ ಕೈಹಾಕಿ ಎತ್ತುವುದು, ಅಥವಾ ಕುರ್ಚಿಯಲ್ಲೇ ನೋಡಿ ಕಳುಹಿಸುವುದು. ಮೊದಲನೆಯದರಲ್ಲಿ ರೋಗಿಯ ಭುಜಕ್ಕೂ ಎತ್ತುವವರ ಸೊಂಟಕ್ಕೂ ಪೆಟ್ಟು. ಎರಡನೆಯದು ಸದ್ದಿಲ್ಲದ ಹಾನಿ. ಕುರ್ಚಿಯಲ್ಲಿ ಕೂತವರ ಪೃಷ್ಠದ ಒತ್ತಡದ ಹುಣ್ಣು ಕಾಣುವುದಿಲ್ಲ, ಹೊಟ್ಟೆ ಒತ್ತಿ ನೋಡಲಾಗುವುದಿಲ್ಲ, ಗರ್ಭಕೋಶದ ಕಂಠದ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ರ‍್ಯಾಂಪ್ ಎಷ್ಟು ಚೆನ್ನಾಗಿದ್ದರೇನು, ಆಸ್ಪತ್ರೆಗೆ ಬಂದದ್ದು ಇದಕ್ಕಲ್ಲವೇ? ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಕಟ್ಟಡದ ಜೊತೆಗೆ ಸೇವೆ, ಮಾಹಿತಿಗಳನ್ನೂ ಹೆಸರಿಸುತ್ತದೆ; 25ನೇ ವಿಧಿ ಇತರರಿಗೆ ಸಿಗುವ ಗುಣಮಟ್ಟದ ಆರೋಗ್ಯ ಸೇವೆಯೇ ಅಂಗವಿಕಲರಿಗೂ ಸಿಗಬೇಕು ಎನ್ನುತ್ತದೆ.

ಎತ್ತರ ಬದಲಿಸಬಲ್ಲ ಮಂಚ ಕೊಳ್ಳುವಾಗ ನೋಡಬೇಕಾದದ್ದು ಅದು ಎಷ್ಟು ಮೇಲೇರುತ್ತದೆ ಎಂಬುದನ್ನಲ್ಲ, ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು. ಅಂಗವಿಕಲರ ಸೌಲಭ್ಯಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಆಕ್ಸೆಸ್ ಬೋರ್ಡ್ 2017ರ ಮಾನದಂಡದಲ್ಲಿ ಕೆಳಮಟ್ಟಕ್ಕೆ 17ರಿಂದ 19 ಇಂಚು ಬಿಟ್ಟಿತ್ತು. 2024ರಲ್ಲಿ 17 ಇಂಚು, ಸುಮಾರು 430 ಮಿ.ಮೀ. ಎಂದು ನಿಗದಿಮಾಡಿತು. ಹಾಸಿಗೆ ಸೇರಿಸಿ, ಯಾರೂ ಕೂರದಿದ್ದಾಗ ಅಳೆಯಬೇಕು. ಎರಡನೆಯ ಪ್ರಶ್ನೆ, ಮಂಚದ ಬುಡದಲ್ಲಿ 150 ಮಿ.ಮೀ. ಸಂದು ಇದೆಯೇ ಎಂಬುದು. ತಾವೇ ಜರುಗಲಾಗದವರನ್ನು ಎತ್ತುವ ಹಾಯ್ಸ್ಟ್‌ನ ಕಾಲುಗಳು ಆ ಸಂದಿನಲ್ಲೇ ತೂರಬೇಕು. ಬುಡಕ್ಕೆ ಪೆಟ್ಟಿಗೆಯಂತೆ ಮುಚ್ಚಿದ ಮಂಚಕ್ಕೆ ಹಾಯ್ಸ್ಟ್ ಹತ್ತಿರವೂ ಬಾರದು. ನಾಲ್ಕು ಕೊಠಡಿಗೆ ಒಂದೇ ಅಂಥ ಮಂಚ ಸಿಕ್ಕಿತು. ಆದ್ದರಿಂದ ಯಾವ ರೋಗಿಗೆ ಆ ಕೊಠಡಿ ಬೇಕು ಎಂಬುದು ಕಡತದ ಮೊದಲ ಸಾಲಿನಲ್ಲಿ ಬರೆದಿರಬೇಕು, ಬಂದ ಮೇಲೆ ಕೇಳುವುದಲ್ಲ.

ತೂಕದ್ದು ಇನ್ನೂ ಸರಳ, ಇನ್ನೂ ಅಲಕ್ಷಿತ. ನಿಲ್ಲಲಾಗದವರ ತೂಕವನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅದೇ ಅಂದಾಜಿನ ಮೇಲೆ ಔಷಧಿಯ ಪ್ರಮಾಣ ನಿರ್ಧಾರವಾಗುತ್ತಿತ್ತು. ಓರೆ ಅಂಚಿರುವ ನೆಲತಕ್ಕಡಿ ತರಲಾಯಿತು. ಮೊದಲು ಕುರ್ಚಿ ಸಹಿತ ತೂಕ, ರೋಗಿ ಮಂಚಕ್ಕೆ ಹೋದ ಮೇಲೆ ಖಾಲಿ ಕುರ್ಚಿಯ ತೂಕ, ಕಳೆದರೆ ಆಯಿತು. ಕುರ್ಚಿಯ ಹಳೆಯ ತೂಕ ನಂಬಬಾರದು. ದಿಂಬು, ಚೀಲ ಪ್ರತಿ ಸಲ ಬೇರೆ.

ಮೇಲಿನ ಮಹಡಿ

ಲಿಫ್ಟಿನ ಒಳ ಅಳತೆ 1100×1400, ಒಂದು ಕುರ್ಚಿ ಮತ್ತು ಒಬ್ಬ ಜೊತೆಗಾರರಿಗೆ ಸಾಕು, ಒಳಗೆ ತಿರುಗಲು ಸಾಲದು. ಹಿಂದಕ್ಕೇ ಹೊರಬರಬೇಕಾದ್ದರಿಂದ ಎದುರು ಗೋಡೆಗೆ ಕನ್ನಡಿ. ಬಾಗಿಲು ತೆರೆದಿರುವ ಅವಧಿಯನ್ನು ನಿರ್ವಹಣೆಯವರಿಂದ ಹೆಚ್ಚಿಸಲಾಯಿತು, ಮಹಡಿ ಹೇಳುವ ಧ್ವನಿಯನ್ನು ಮತ್ತೆ ಚಾಲೂ ಮಾಡಲಾಯಿತು; ಯಾರೋ ಕಿರಿಕಿರಿ ಎಂದು ಆರಿಸಿದ್ದರು. ಬೆಂಕಿ ಬಿದ್ದಾಗ ಸಾಮಾನ್ಯ ಲಿಫ್ಟ್ ಬಳಸುವಂತಿಲ್ಲ. ಆದ್ದರಿಂದ ರಕ್ತ ತೆಗೆಯುವ ಕೋಣೆಯನ್ನೂ ಆ ಹೊಸ ಮಂಚವನ್ನೂ ನೆಲಮಹಡಿಗೇ ತಂದು, ಮೇಲಿನ ಕಚೇರಿಯನ್ನು ಸಿಬ್ಬಂದಿಗೆ ಬಿಡುವುದು ಸರಿ ಎನಿಸಿತು. ಮೇಲೆ ಹೋಗಲೇಬೇಕಾದವರಿಗೆ ಮೆಟ್ಟಿಲ ಬಳಿ ಬೆಂಕಿ ತಡೆಯುವ ಗೋಡೆಯೊಳಗೆ ಕಾಯುವ ಜಾಗ, ಅಲ್ಲಿಂದ ಮಾತಾಡಲು ಕರೆಗಂಟೆ, ಇಳಿಸುವ ಕುರ್ಚಿ ಮತ್ತು ಅದನ್ನು ಬಳಸಲು ಕಲಿತ ಸಿಬ್ಬಂದಿ.

ಬುಕಿಂಗ್ ಮತ್ತು ವರದಿ

ಜಾಲತಾಣದಲ್ಲಿ ಸಮಯ ಗೊತ್ತುಮಾಡಲು ಸೊಟ್ಟ ಅಕ್ಷರಗಳ ಚಿತ್ರ ಓದಿ ಬರೆಯಬೇಕಿತ್ತು. ಪರದೆ ಓದುವ ತಂತ್ರಾಂಶಕ್ಕೆ ಅದು ಬರೀ ‘ಚಿತ್ರ’. ಐದು ನಿಮಿಷದಲ್ಲಿ ಪುಟ ತಾನಾಗಿ ಮುಚ್ಚುತ್ತಿತ್ತು. ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿಯಂತೆ ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಒಂದು ಸರಳ ಒತ್ತಿನಿಂದ ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು; ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ 4.5:1 ಇರಬೇಕು. ಬದಲಿ ದಾರಿ ಎಂದು ಕೊಟ್ಟದ್ದು ಫೋನ್ ಮಾತ್ರ, ಅದು ಕಿವುಡರಿಗೆ ಮುಚ್ಚಿದ ಬಾಗಿಲು. ಸಂದೇಶ ಕಳುಹಿಸಿ ಗೊತ್ತುಮಾಡುವ ಸಂಖ್ಯೆ ಸೇರಿಸಲಾಯಿತು. ರಕ್ತಪರೀಕ್ಷೆಯ ವರದಿ ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳುಹಿಸುತ್ತಿದ್ದರು; ಅಂಧ ರೋಗಿಯ ಫೋನಿಗೆ ಅದರಲ್ಲಿ ಓದಲು ಒಂದಕ್ಷರವೂ ಇಲ್ಲ. ಪ್ರಯೋಗಾಲಯದ ತಂತ್ರಾಂಶದಿಂದಲೇ ಅಕ್ಷರರೂಪದ ಕಡತ ಹೊರಡಿಸಿ, ಕೋಷ್ಟಕದ ತಲೆಸಾಲು ಗುರುತಿಸಿದರೆ ‘ಹಿಮೋಗ್ಲೋಬಿನ್’ ಎಂಬುದರ ಜೊತೆಗೇ ಅದರ ಅಂಕಿಯೂ ಕೇಳಿಸುತ್ತದೆ.

ಮೂರು ತಿಂಗಳ ನಂತರ

ಅದೇ ಮೂರು ಜಾಡುಗಳನ್ನು ಮತ್ತೆ ನಡೆದು ನೋಡುವಾಗ ಗಾರೆ, ಉಕ್ಕು, ಕಾಂಕ್ರೀಟಿನ ಕೆಲಸಗಳು ಹಾಗೇ ಇರುತ್ತವೆ. ಜಾರುವುದು ದಿನಬಳಕೆಯ ಸಂಗತಿಗಳು. ಓರೆದಾರಿಯ ಕೆಳಗಿನ ಸಮತಟ್ಟಿಗೆ ಬೈಕುಗಳು ಬಂದು ನಿಲ್ಲುತ್ತವೆ. ಕುರ್ಚಿ ದಾಟುವಷ್ಟು ಸಂದು ಬಿಟ್ಟು ಗೂಟ ನೆಟ್ಟರೆ ಕಾರು ಒಳಬರುವುದು ತಪ್ಪುತ್ತದೆ, ಬೈಕು ಮಾತ್ರ ನುಗ್ಗುತ್ತದೆ. ಆದ್ದರಿಂದ ಗೂಟಕ್ಕಿಂತ ಮೊದಲು ಬೈಕಿಗೆ ಬೇರೆ ಜಾಗ ಗುರುತಿಸಬೇಕು. ಸ್ಪರ್ಶಪಟ್ಟಿಯ ಮೇಲೆ ಹೂಕುಂಡ ಬರುತ್ತದೆ. ಕ್ಲೋಸರ್ ತಿರುಪನ್ನು ಯಾರೋ ಮತ್ತೆ ಬಿಗಿದಿರುತ್ತಾರೆ. ಶ್ರವಣ ಸುರುಳಿಯ ಸ್ವಿಚ್ ಆರಿರುತ್ತದೆ.

ಇವಕ್ಕೆಲ್ಲ ಒಬ್ಬರ ಹೆಸರಿನಲ್ಲಿ ವಾರದ ಪಟ್ಟಿ ಬೇಕು, ಅರ್ಧ ಗಂಟೆಯ ಕೆಲಸ: ರಟ್ಟಿನ ವೃತ್ತವನ್ನು ಶೌಚಾಲಯದ ನೆಲದಲ್ಲಿ, ಲಿಫ್ಟಿನ ಮುಂದೆ, ಮಂಚದ ಪಕ್ಕ ಹಾಸಿ ನೋಡುವುದು, ಕ್ಲೋಸರ್‌ಗೆ ತಕ್ಕಡಿ ಸಿಕ್ಕಿಸುವುದು, ಸುರುಳಿಯನ್ನು ಪರೀಕ್ಷಾ ಯಂತ್ರದಿಂದ ಕೇಳುವುದು, ಸರದಿಯ ಧ್ವನಿಯನ್ನು ಕೊನೆಯ ಕುರ್ಚಿಯಲ್ಲಿ ಕೂತು ಆಲಿಸುವುದು, ಎಚ್ಚರಿಕೆಯ ಹಗ್ಗದ ಗಂಟು ಬಿಚ್ಚಿ, ಎಳೆದು, ಎಷ್ಟು ನಿಮಿಷದಲ್ಲಿ ಯಾರು ಬಂದರು ಎಂದು ಬರೆದಿಡುವುದು.